ಮಕ್ಕಳ ಕಳ್ಳನ ಗಂಟು

ಸಿನಿಮಾದಲ್ಲಿ ಮಗುವಿನ ಅಪಹರಣವಾಗಬೇಕೆಂದರೆ ಈತನೇ ಬರಬೇಕು. ಹುರಿಮೀಸೆ, ಕೆಂಗಣ್ಣು, ಗುಡುಗಿನಂಥ ದನಿ. ಈವರೆಗೆ ಹೊತ್ತೊಯ್ದ ಮಕ್ಕಳನ್ನೆಲ್ಲ ಸೇರಿಸಿದರೆ ಒಂದು ಶಾಲೆಯನ್ನೇ ತೆರೆಯಬಹುದು. ನಾಯಕನಿಂದ ಒದೆ ತಿನ್ನದ ಶುಕ್ರವಾರವಿಲ್ಲ. ಆದರೆ ಚಿತ್ರೀಕರಣದಲ್ಲಿ ಮಗುವಿನ ಕೈಗೆ ಹಗ್ಗ ಕಟ್ಟುವ ಕೆಲಸವನ್ನು ಬೇರೆ ಯಾರಿಗೂ ಬಿಡುವುದಿಲ್ಲ. ಜಾರುಗಂಟು ಹಾಕಿ, ಅದರ ತುದಿಯನ್ನು ಮಗುವಿನ ಮುಷ್ಟಿಯೊಳಗೇ ಇಟ್ಟು, "ಭಯ ಆದ್ರೆ ಎಳಿ ಕಂದ, ಬಿಚ್ಕೊಳ್ಳುತ್ತೆ. ಡೈರೆಕ್ಟರು ಬೈಯೋದಾದ್ರೆ ನನಗೆ ಬೈಲಿ" ಎನ್ನುತ್ತಾನೆ. ಹಾಗೆ ಗಂಟು ಬಿಚ್ಚಿ ಹಾಳಾದ ಶಾಟ್‌ಗಳಿಗೆ ಲೆಕ್ಕವಿಲ್ಲ. ಬೀದಿಯಲ್ಲಿ ಈತನನ್ನು ಕಂಡ ತಾಯಂದಿರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರೆ, "ಇದಕ್ಕಿಂತ ಪ್ರಶಸ್ತಿ ಬೇಕಾ?" ಎಂದು ನಗುತ್ತಾನೆ. ಮನೆಯಲ್ಲಿ ಮಾತ್ರ ಆ ಪ್ರಶಸ್ತಿ ಭಾರವಾಯಿತು. ಟಿವಿಯಲ್ಲಿ ತಾತನನ್ನು ನೋಡಿದಂದಿನಿಂದ ಪುಟ್ಟ ಮೊಮ್ಮಗಳು ಹತ್ತಿರ ಸುಳಿಯಲೇ ಇಲ್ಲ. ಹಾಗಾಗಿ ಈಗ ಶೂಟಿಂಗ್ ಮುಗಿಸಿ ಬಂದವನೇ ಅವಳ ಮುಂದೆ ನೆಲದ ಮೇಲೆ ಕೂತು ಎರಡೂ ಕೈ ಚಾಚುತ್ತಾನೆ. ಅವಳು ಜಡೆಯ ರಿಬ್ಬನ್ ಬಿಚ್ಚಿ, ಹಲ್ಲು ಕಚ್ಚಿಕೊಂಡು ಆ ಕೈಗಳನ್ನು ಬಿಗಿಯಾಗಿ ಕಟ್ಟುತ್ತಾಳೆ. "ತುದಿ ನಂಗೆ ಕೊಡಲ್ವೇನೇ?" "ಕೊಡಲ್ಲ ತಾತ. ಭಯ ಆದ್ರೆ ಹೇಳು, ನಾನೇ ಬಿಚ್ತೀನಿ." ಆಮೇಲೆ ನಿಶ್ಚಿಂತೆಯಿಂದ ಅವನ ತೊಡೆ ಏರಿ ಕೂರುತ್ತಾಳೆ.