ಸುವಾರ್ತೆಯ ಕೊನೆಯ ಹಾಳೆ ಮತ್ತು ನನ್ನ ಹಣೆ

ಒಂಬೈನೂರು ವರ್ಷ ಹಳೆಯ ಪುಸ್ತಕವೊಂದಕ್ಕೆ ವಿಭೂತಿ ಬಳಿದವನು ನಾನು. ಬೇಕಂತ ಬಳಿದದ್ದಲ್ಲ ಎಂದರೆ ಜನ ಇನ್ನೂ ಜೋರಾಗಿ ನಗುತ್ತಾರೆ, ಆದ್ದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಕೆಲಸ ಬೆಳಕಿನದು. ಹಳೆಯ ಹಾಳೆಗಳ ಮೇಲೆ ಒಂದೊಂದೇ ಬಣ್ಣದ ಬೆಳಕು ಬಿಟ್ಟು ಫೋಟೊ ತೆಗೆಯುತ್ತೇನೆ. ಕಣ್ಣಿಗೆ ಕಾಣದಂತೆ ಅಳಿಸಿಹೋದ ಶಾಯಿ ಕಂಪ್ಯೂಟರಿನಲ್ಲಿ ಕಾಣುತ್ತದೆ, ಕೆಲವೊಮ್ಮೆ. ಧಾರವಾಡದಲ್ಲಿ ಫಿಸಿಕ್ಸ್ ಓದಿ ಜರ್ಮನಿಯ ಹೈಡೆಲ್‌ಬರ್ಗ್‌ಗೆ ಬಂದವನು ಇಲ್ಲೇ ಸಂಸಾರ ಹೂಡಿದೆ. ಪುಸ್ತಕವಿದ್ದ ಗ್ರಂಥಾಲಯ ಮಾತ್ರ ಬೇರೆ ಊರಿನದು. ಮಾಡಿಟ್ಟ ಘನಕಾರ್ಯ ನೆನೆದರೆ ಆ ಊರಿನ ಹೆಸರು ಹೇಳಲು ಈಗಲೂ ಬಾಯಿ ಬರುವುದಿಲ್ಲ.

ಅದು ಗ್ರೀಕ್ ಭಾಷೆಯ ನಾಲ್ಕು ಸುವಾರ್ತೆಗಳ ಹಸ್ತಪ್ರತಿ, ಹದ ಮಾಡಿದ ಚರ್ಮದ ಹಾಳೆಗಳ ಮೇಲೆ ಯಾರೋ ಕೂತು ಬರೆದದ್ದು. ಗ್ರೀಕ್ ಅಕ್ಷರಗಳನ್ನು ನಾನು ಸಮೀಕರಣಗಳಲ್ಲಿ ದಿನಾ ಬರೆಯುತ್ತೇನೆ; ಭಾಷೆ ಮಾತ್ರ ಸೊನ್ನೆ. ಯೇಸುವಿನ ಕಥೆ ಮುಗಿದ ಮೇಲೆ, ಕೊನೆಯ ಹಾಳೆಯಲ್ಲಿ, ಬರೆದವನು ತನ್ನದೇ ನಾಲ್ಕು ಮಾತು ಸೇರಿಸಿದ್ದ. ಅದನ್ನು ಯಾವ ಕಾಲದಲ್ಲೋ ಯಾರೋ ಉಜ್ಜಿ ತೊಳೆದಿದ್ದರು. ಹಸ್ತಪ್ರತಿ ವಿಭಾಗದ ಮುಖ್ಯಸ್ಥೆಗೆ ಅದನ್ನು ಓದಬೇಕೆಂಬ ಆಸೆ, ಕೆಲಸಕ್ಕೆ ಸೇರಿದ ದಿನದಿಂದ. ಬರುವ ಕ್ರಿಸ್‌ಮಸ್‌ಗೆ ಆಕೆಯ ನಿವೃತ್ತಿ. ಬೆಳ್ಳಿ ಕೂದಲು, ಮೂಗಿನ ತುದಿಗೆ ಕನ್ನಡಕ, ನಾವು ತಪ್ಪು ಮಾಡುವ ಮೊದಲೇ ಬೈಯಲು ತಯಾರಾದ ಮುಖ. ಶಾಲೆಯಲ್ಲಿ ನಮ್ಮ ಟೀಚರನ್ನು ಅಕ್ಕೋರು ಅನ್ನುತ್ತಿದ್ದೆವು. ಮನಸ್ಸಿನಲ್ಲೇ ಈಕೆಗೂ ಅದೇ ಹೆಸರಿಟ್ಟಿದ್ದೆ.

ಆ ದಿನ ಶ್ರಾವಣದ ಮೊದಲ ಸೋಮವಾರ. ಪೂಜೆ ಮಾಡಿ ಹಣೆಗೆ ವಿಭೂತಿ ಎಳೆದುಕೊಳ್ಳುವವರೆಗೆ ಹೆಂಡತಿ ಚಹಾ ಕೊಡಲಿಲ್ಲ. ಇಂಥ ದಿನಗಳಲ್ಲಿ ನಾನು ಅದನ್ನು ರೈಲಿನಲ್ಲಿ ಒರೆಸಿಕೊಳ್ಳುವುದು ರೂಢಿ. ಅಂದು ರೈಲು ರದ್ದಾಗಿ, ಇನ್ನೊಂದನ್ನು ಹಿಡಿಯಲು ಮೆಟ್ಟಿಲು ಹತ್ತಿಳಿದು ಓಡುವ ಗಡಿಬಿಡಿಯಲ್ಲಿ ಮರೆತೆ. ಗ್ರಂಥಾಲಯದ ಬಾಗಿಲಲ್ಲಿ ಕೈ ತೊಳೆಸಿದರು, ಪೆನ್ನು ತೆಗೆಸಿದರು, ನೀರಿನ ಬಾಟಲಿ ಹೊರಗಿಡಿಸಿದರು. ಹಣೆಯ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ನಿಮ್ಮ ಮುಖದ ಮೇಲೆ ಏನೋ ಇದೆ ಎಂದು ಹೇಳುವುದು ಇಲ್ಲಿ ಮರ್ಯಾದೆಯಲ್ಲ.

ಹನ್ನೊಂದರ ಹೊತ್ತಿಗೆ ಕೊನೆಯ ಹಾಳೆಯ ಮೊದಲ ಚಿತ್ರ ಪರದೆಯ ಮೇಲೆ ಬಂತು. ಬರಿಗಣ್ಣಿಗೆ ಬೋಳು ಚರ್ಮವಿದ್ದ ಕಡೆ ಗ್ರೀಕಿನ ಲ್ಯಾಂಬ್ಡಾ ಅಕ್ಷರ, ಸ್ವಲ್ಪ ಮುಂದೆ ಒಂದು ಮ್ಯೂ. ಮೈ ಜುಮ್ಮೆಂದಿತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೊಸ ಪುಸ್ತಕ ಕೈಗೆ ಬಂದಾಗ, ಪರೀಕ್ಷೆ ಪಾಸಾದಾಗ ಚಿಕ್ಕಂದಿನಿಂದ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. ಬಗ್ಗಿ, ತೆರೆದಿಟ್ಟ ಹಾಳೆಗೆ ಹಣೆ ಹಚ್ಚಿದೆ. ತಲೆ ಎತ್ತಿದಾಗ ಬಾಗಿಲಲ್ಲಿ ಅಕ್ಕೋರು ನಿಂತಿದ್ದರು. ಹಾಳೆಯ ಅಂಚಿನಲ್ಲಿ ಮೂರು ಬೂದು ಗೆರೆಗಳಿದ್ದವು.

ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಒಂದೆರಡು ಮಾತಾಡಿ ಹಗುರಾಗುತ್ತಿದ್ದೆ. ನನ್ನ ಸಿಟ್ಟು ಅಷ್ಟರಲ್ಲೇ ಇಳಿದುಹೋಗುವಂಥದ್ದು. "ದಯವಿಟ್ಟು ಹೊರಗೆ ಹೋಗಿ" ಎಂದಷ್ಟೇ ಹೇಳಿ ಮೆತ್ತನೆಯ ಬ್ರಷ್ ತರಲು ನಡೆದರು. ಮರುದಿನ ಇಮೇಲ್ ಬಂತು. ಪುಸ್ತಕದ ಹತ್ತಿರ ಹೋಗುವ ನನ್ನ ಅನುಮತಿ ತಡೆಹಿಡಿದಿದ್ದಾರೆ. ಎರಡು ವಾರದೊಳಗೆ ನಾನು ಸ್ಟೆಲ್ಲುಂಗ್‌ನಾಮೆ, ಅಂದರೆ ಲಿಖಿತ ಸಮಜಾಯಿಷಿ ಕೊಡಬೇಕು. ಅದನ್ನು ಅವರು ಒಪ್ಪದಿದ್ದರೆ ಕೊನೆಯ ಹಾಳೆ ನನ್ನ ಪಾಲಿಗೆ ಮುಗಿಯಿತು. ಅಕ್ಕೋರ ಪಾಲಿಗೂ ಮುಗಿಯಿತು. ಬೇರೆ ಕ್ಯಾಮೆರಾ, ಬೇರೆ ಜನ ಹೊಂದಿಸುವಷ್ಟರಲ್ಲಿ ಆಕೆ ನಿವೃತ್ತಿಯಾಗಿರುತ್ತಾರೆ.

"ಕೈ ಮುಗದಿದ್ರ ಸಾಕಿತ್ತಲ್ರಿ. ಹಣಿ ಯಾಕ ಹಚ್ಚಾಕ ಹೋದ್ರಿ?" ಎಂದಳು ಹೆಂಡತಿ.

"ವಿಭೂತಿ ಹಚ್ಚಿಸಿ ಕಳಿಸಿದಾಕಿ ಯಾರು?"

"ಹಾಂ, ಈಗ ನನ್ನ ಮ್ಯಾಲೆ ಬರ್ರಿ. ಬುಕ್ಕಿಗೆ ಒರಸಿ ಬರ್ರಿ ಅಂತ ನಾ ಹೇಳಿದ್ನೇನು?"

ಹೈಸ್ಕೂಲಿನ ಮಗಳು ಫೋನಿನಿಂದ ತಲೆಯೆತ್ತದೆ, "ಪಪ್ಪಾ, ಟೋಟಾಲ್ ಪೈನ್‌ಲಿಷ್" ಎಂದಳು. ಮಾನ ಹೋಯಿತು ಎಂದು ಅದರರ್ಥ.

ಮೊದಲು ಬರೆದ ಸಮಜಾಯಿಷಿಯಲ್ಲಿ ನಾನೊಬ್ಬ ಬಡಪಾಯಿ. ಕೋಣೆ ಕತ್ತಲಾಗಿತ್ತು, ನೆಲದ ಮೇಲೆ ಕೇಬಲ್‌ಗಳಿದ್ದವು, ಎಡವಿದೆ, ಹಣೆ ತಾಗಿತು. ಕೇಬಲ್‌ಗಳನ್ನು ಹಾಸಿದವನೂ ನಾನೇ ಎಂಬುದನ್ನು ಬರೆಯಲಿಲ್ಲ. ಹೆಂಡತಿ ಲ್ಯಾಪ್‌ಟಾಪ್ ಎಳೆದುಕೊಂಡು ಓದಿದಳು.

"ಸುಳ್ಳ ಬರದು ಪರ್ಮಿಷನ್ ತಗೋಬಹುದು. ಆಮ್ಯಾಲೆ ಆ ಬುಕ್ಕಿನ ಮುಂದ ಹೆಂಗ ಕುಂದ್ರತೀರಿ?"

ಸಿಟ್ಟು ಬಂತು. ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತೆ. ಆಮೇಲೆ ಒಳಗೆ ಬಂದು ಎಲ್ಲ ಅಳಿಸಿ, ನಡೆದದ್ದನ್ನು ನಡೆದ ಹಾಗೆ ಬರೆದೆ. ಹೊಸ ಪಠ್ಯಪುಸ್ತಕಗಳಿಗೆ ಅಪ್ಪ ರಟ್ಟು ಹಾಕಿ, ಒಂದೊಂದನ್ನೂ ಕಣ್ಣಿಗೊತ್ತಿಕೊಂಡು ನಮ್ಮ ಕೈಗೆ ಕೊಡುತ್ತಿದ್ದುದು; ಹಣೆಯ ಮೇಲಿದ್ದದ್ದು ಬೆರಣಿಯ ಬೂದಿ; ಸಂತೋಷ ತಡೆಯಲಾಗದೆ ಬಾಗಿದೆ, ಯೋಚಿಸಿ ಬಾಗಲಿಲ್ಲ; ತಪ್ಪು ಪೂರ್ತಿ ನನ್ನದು. ಬರೆಯುತ್ತ ಬರೆಯುತ್ತ ಮೂರು ಪುಟವಾಯಿತು.

ಉತ್ತರಕ್ಕೆ ಕಾದ ಆ ದಿನಗಳಲ್ಲಿ ನನಗೆ ನಿಜಕ್ಕೂ ಭಯವಾಗಿತ್ತು. ನೌಕರಿಯದಲ್ಲ; ನೌಕರಿ ಇನ್ನೊಂದು ಸಿಕ್ಕೀತು. ಆ ಲ್ಯಾಂಬ್ಡಾ, ಮ್ಯೂಗಳ ನಡುವೆ ಏನಿತ್ತೆಂದು ತಿಳಿಯದೆಯೇ ಉಳಿದ ಆಯುಷ್ಯ ಕಳೆಯಬೇಕಲ್ಲ ಎಂಬ ಭಯ. ಅನ್ನದ ತಟ್ಟೆಯ ಮುಂದೆಯೂ ಅದೇ ಯೋಚನೆ.

ಕೊನೆಗೆ ಅಕ್ಕೋರಿಂದ ಕರೆ ಬಂತು. ಹೋದಾಗ ಪುಸ್ತಕದ ಮುಂಭಾಗ ತೆರೆದಿಟ್ಟಿದ್ದರು. ಬಂಗಾರದ ಹಿನ್ನೆಲೆಯಲ್ಲಿ ಸುವಾರ್ತೆ ಬರೆಯುತ್ತ ಕುಳಿತ ಸಂತನ ಚಿತ್ರ. ಮುಖ, ಲೇಖನಿ, ಬಟ್ಟೆಯ ನೆರಿಗೆ ಎಲ್ಲ ಚೊಕ್ಕವಾಗಿವೆ. ಪಾದಗಳೇ ಇಲ್ಲ, ಬರೀ ಹಾಳೆಯ ಚರ್ಮ ಕಾಣುತ್ತಿದೆ.

ನಮ್ಮಿಬ್ಬರ ಮಾತು ಅರ್ಧ ಜರ್ಮನ್, ಅರ್ಧ ಇಂಗ್ಲಿಷ್. "ಇದನ್ನು ಯಾರೂ ಕೆರೆದಿಲ್ಲ" ಎಂದರು ಆಕೆ. "ಮುತ್ತಿಡುವ ಭಕ್ತರ ತುಟಿ ತಾಗಿ ತಾಗಿ ಸವೆದಿದೆ. ಇಲ್ಲಿ ನೋಡಿ, ಮೇಣದ ಹನಿ. ಇಲ್ಲಿ ಹೆಬ್ಬೆರಳಿನ ಜಿಡ್ಡು. ನಾವು ಇದಕ್ಕೆಲ್ಲ ಹಾನಿ ಎಂದು ಬರೆಯುತ್ತೇವೆ. ಹಾನಿಯೇ ಸರಿ. ನೀವು ಮಾಡಿದ್ದೂ ಹಾನಿಯೇ."

ನಾನು ತಲೆ ತಗ್ಗಿಸಿದೆ.

"ಬೂದಿಯ ಎರಡು ಗೆರೆ ಹೋಗಿವೆ, ಒಂದು ತೆಳ್ಳಗೆ ಉಳಿದಿದೆ. ನಿಮ್ಮ ಮೂರು ಪುಟ ಎರಡು ಸಲ ಓದಿದೆ. ಮುತ್ತಿಟ್ಟ ಈ ಭಕ್ತರ ಮೇಲೆ ನನಗೆ ಒಂದು ದಿನವೂ ಸಿಟ್ಟು ಬಂದಿಲ್ಲ. ನಿಮ್ಮೊಬ್ಬರ ಮೇಲೆ ಇಟ್ಟುಕೊಳ್ಳುವುದು ನ್ಯಾಯವಲ್ಲ."

ಷರತ್ತುಗಳನ್ನು ಹೇಳಿದರು. ಹಾಳೆ ತಿರುವುವುದು ಆಕೆ ಮಾತ್ರ. ನಾನು ಮೇಜಿನಿಂದ ಒಂದು ಮಾರು ದೂರ. ದಿನಾ ಒಳಗೆ ಬರುವ ಮುನ್ನ ಹಣೆ ತೋರಿಸಬೇಕು. ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಉಗುರು ತೋರಿಸುತ್ತಿದ್ದ ಹುಡುಗನ ಹಾಗೆ ಮೂರು ದಿನ ಬಾಗಿಲಲ್ಲಿ ನಿಂತು ಹಣೆ ತೋರಿಸಿದೆ, ಖುಷಿಯಿಂದಲೇ.

ಮೂರನೆಯ ಮಧ್ಯಾಹ್ನ ಎಲ್ಲ ಬಣ್ಣಗಳ ಚಿತ್ರಗಳೂ ಒಂದರ ಮೇಲೊಂದು ಕೂಡಿ ಬಂದವು. ತೊಳೆದ ಹಾಳೆಯ ಮೇಲೆ ಮೂರು ಸಾಲುಗಳು ನಿಂತವು, ಕಂದು ಬಣ್ಣದಲ್ಲಿ, ಸ್ವಲ್ಪ ಓರೆಯಾಗಿ. ಅಕ್ಕೋರು ಕುರ್ಚಿ ಎಳೆದುಕೊಂಡು ಪರದೆಗೆ ಮುಖ ಹತ್ತಿರ ತಂದು, ಬೆರಳಿಟ್ಟು ಗ್ರೀಕ್‌ನಲ್ಲಿ ಮೆಲ್ಲಗೆ ಓದತೊಡಗಿದರು. ನಡುವೆ ಎರಡು ಕಡೆ ನಿಂತರು, ಹಿಂದೆ ಹೋಗಿ ಮತ್ತೆ ಓದಿದರು. ಮೂರನೆಯ ಸಾಲಿನ ಕೊನೆಯಲ್ಲಿ ಬರೆದವನ ಹೆಸರಿತ್ತು. ಅದನ್ನು ಮೂರು ಸಲ ಹೇಳಿಕೊಂಡರು.

"ಏನಂತೆ?" ಎಂದೆ.

ಬರೆದವನ ಕೈ ಚಳಿಗೆ ಸೆಟೆದುಕೊಂಡಿತ್ತಂತೆ, ಕಣ್ಣು ಮಂಜಾಗಿತ್ತಂತೆ. ಬರೆಯುವುದರಲ್ಲಿ ಎಲ್ಲೆಲ್ಲಿ ತಪ್ಪಿದ್ದೇನೋ ಗೊತ್ತಿಲ್ಲ, ಓದುವವರು ಶಪಿಸಬೇಡಿ, ಮನ್ನಿಸಿ ಎಂದು ಕೇಳಿಕೊಂಡಿದ್ದನಂತೆ. ನಾನು ಮೂರು ಪುಟ ಕೊರೆದದ್ದನ್ನು ಅವನು ಮೂರೇ ಸಾಲಿನಲ್ಲಿ ಮುಗಿಸಿದ್ದ. ಅದನ್ನೂ ಯಾರೋ ತೊಳೆದುಹಾಕಿದ್ದರು. ಇಷ್ಟು ಶತಮಾನ ಅವನ ಮಾತಿಗೆ ಯಾರೂ ಹೂಂ ಎಂದಿರಲಿಲ್ಲ ಎಂದು ಹೊಳೆದು ನನಗೆ ಕಣ್ಣಲ್ಲಿ ನೀರು ಬಂತು.

ಅಕ್ಕೋರು ಕನ್ನಡಕ ತೆಗೆದು ಮೂಗು ಒರೆಸಿಕೊಂಡರು. ಆಮೇಲೆ ನನ್ನ ಕಡೆ ನೋಡದೆ, ಎದುರಿಗೆ ಕುಳಿತವರ ಹತ್ತಿರ ಮಾತಾಡುವಂತೆ ಪರದೆಗೆ ಹೇಳಿದರು, ಜರ್ಮನ್‌ನಲ್ಲಿ: "ಆಗಲಿ. ಮನ್ನಿಸಿದೆ."