ಮಾವನ ರಬ್ಬರ್ ದೋಣಿಗೆ ಹಾಕಿದ ತ್ಯಾಪೆ

ಯುದ್ಧದ ಕಾಲದಲ್ಲಿ ಹುಣಸೂರಿನಲ್ಲಿ ನನ್ನದೊಂದು ಸೈಕಲ್ ಅಂಗಡಿ ಇತ್ತು. ಪಂಕ್ಚರ್ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಪಿರಿಯಾಪಟ್ಟಣದವರೆಗೂ ಇಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಬೇರೆಯವರು ಹೊಗಳುವವರೆಗೆ ಕಾಯುವ ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ.

ನನ್ನ ಹೆಂಡತಿಯ ತಂದೆ ಹಂಪಾಪುರದ ಹತ್ತಿರ ಕಪಿಲೆಯಲ್ಲಿ ಹರಿಗೋಲು ಹಾಕುತ್ತಿದ್ದರು. ಬಿದಿರಿನ ಹೆಣಿಗೆಗೆ ಎಮ್ಮೆ ಚರ್ಮ ಹೊದಿಸಿದ ಹರಿಗೋಲು ಅದು. ಆ ವರ್ಷ ಚರ್ಮ ಕೊಳೆತುಹೋಯಿತು. ಹೊಸದು ಸಿಗಲಿಲ್ಲ, ಸುತ್ತಲಿನ ಚರ್ಮವೆಲ್ಲ ಸಿಪಾಯಿಗಳ ಬೂಟಿಗೆ ಹೋಗುತ್ತಿತ್ತು. ಅಷ್ಟರಲ್ಲಿ, ಮೀನು ಹಿಡಿಯಲು ಬರುತ್ತಿದ್ದ ಕೊಡಗಿನ ಕಾಫಿ ತೋಟದ ದೊರೆಯೊಬ್ಬ ಪಲ್ಟನ್ನಿಗೆ ಸೇರಲು ಹೊರಟವನು, ತನ್ನ ಗಾಳಿ ತುಂಬುವ ರಬ್ಬರ್ ದೋಣಿಯನ್ನು ಮಾವನಿಗೆ ಕೊಟ್ಟುಹೋದ. ಅದರ ಹೊಟ್ಟೆಯಲ್ಲಿ ಅಂಗೈ ಅಗಲದ ಹರಕು. ಮಾವ ಹೇಳಿಕಳಿಸಿದರು, ನಾನೂ ಹೆಂಡತಿಯೂ ಹೋದೆವು.

ಮಾವ ಆಗಲೇ ರಾಳ ಕುಟ್ಟಿಟ್ಟುಕೊಂಡು ಕೂತಿದ್ದರು.

"ಅಳಿದೇವ್ರೇ, ಇದ್ನ ಹರಳೆಣ್ಣೇಲಿ ಕಾಯ್ಸಿ ಬಳುದ್ರೆ ಕಲ್ಲಿನಂಗೆ ಕೂತ್ಕತದೆ. ನಮ್ಮಪ್ಪನ ಕಾಲದಿಂದ್ಲೂ ಇದೇ ಕಣ್ರೀ."

ನಾನು ನಕ್ಕೆ. ಮುದುಕರ ಮುಂದೆ ಹಾಗೆ ನಗಬಾರದಿತ್ತು. ಮಾತಿನಲ್ಲಿ ಹೇಳುವುದು ಬಿಟ್ಟು ಪರೀಕ್ಷೆ ಮಾಡಿ ತೋರಿಸಲು ಹೊರಟೆ. ಹಳೆಯ ಟ್ಯೂಬು ಕತ್ತರಿಸಿ ನಾಲ್ಕು ಜೊತೆ ಪಟ್ಟಿ ಮಾಡಿ, ಒಂದಕ್ಕೆ ಅವರ ರಾಳ, ಒಂದಕ್ಕೆ ಹಲಸಿನ ಮೇಣ, ಒಂದಕ್ಕೆ ಟಾರು, ಒಂದಕ್ಕೆ ಪಂಕ್ಚರಿಗೆ ಬಳಸುವ ನನ್ನ ಅಂಟು, ಅಂದರೆ ಸಲೂಷನ್, ಹಚ್ಚಿ ಅಂಟಿಸಿದೆ. ಕೆಳಗೆ ಕಲ್ಲು ಕಟ್ಟಿ ನೀರಿನ ಹಂಡೆಯಲ್ಲಿ ಇಳಿಬಿಟ್ಟೆ. ಮಾರನೆಯ ಬೆಳಿಗ್ಗೆ ನೋಡಿದರೆ ಸಲೂಷನ್ನಿನದು ಮಾತ್ರ ಉಳಿದಿತ್ತು. ಮೇಣ ಬಿಳಿಚಿಕೊಂಡು ಬಿಟ್ಟಿತ್ತು, ಟಾರು ಜಾರಿತ್ತು. ರಾಳ ಹಚ್ಚಿದ ಪಟ್ಟಿಯಂತೂ ಎಣ್ಣೆ ಕುಡಿದು ಮೆತ್ತಗಾಗಿ ಉಬ್ಬಿತ್ತು. ಮಾವ ಅದನ್ನು ಬೆರಳಲ್ಲಿ ಒತ್ತಿ ನೋಡಿ, "ನೀವು ಹೇಳ್ದಂಗೇ ಆಗ್ಲಿ ಬುಡಿ" ಅಂದರು. ಗೆದ್ದೆನೆಂದು ನನಗೆ ಹಿಗ್ಗು. ಎಣ್ಣೆ ರಬ್ಬರಿಗೆ ಶತ್ರು ಅನ್ನುವ ಒಂದು ಮಾತನ್ನು ಒಳಗೆ ಅಡುಗೆ ಮಾಡುತ್ತಿದ್ದ ಅವರ ಮಗಳಿಗೂ ಹೇಳಬೇಕು ಅನ್ನಿಸಲಿಲ್ಲ.

ದೋಣಿಗೆ ಗಾಳಿ ತುಂಬಿ, ಅಂಟುವಾಳದ ನೊರೆ ಬಳಿದು, ಗುಳ್ಳೆ ಏಳುವ ಸಣ್ಣ ತೂತುಗಳನ್ನೂ ಹುಡುಕಿ ಸುಣ್ಣದಲ್ಲಿ ಗುರುತು ಹಾಕಿದೆ. ಗಾಳಿ ಬಿಟ್ಟು, ತೊಳೆದು ಒಣಗಿಸಿ, ಉಜ್ಜಿ ಒರಟು ಮಾಡಿದೆ. ಮೂಲೆಯಿದ್ದರೆ ಅಲ್ಲಿಂದಲೇ ಏಳುತ್ತದೆಂದು ದೊಡ್ಡ ತ್ಯಾಪೆಯನ್ನು ದುಂಡಗೆ ಕತ್ತರಿಸಿದೆ. ಇನ್ನು ಸಲೂಷನ್. ಮೊದಲ ಕೋಟು ಹಚ್ಚಿ ಬೆರಳಿಗೆ ಅಂಟದಷ್ಟು ಒಣಗಲು ಬಿಡಬೇಕು, ಎರಡನೆಯದು ಹಚ್ಚಿ ಮತ್ತೆ ಕಾಯಬೇಕು, ಆಮೇಲೆ ಒತ್ತಬೇಕು. ಅಂಗಡಿಗೆ ಬಂದವರಿಗೆಲ್ಲ ನಾನು ಕೊಡುತ್ತಿದ್ದ ಉಪದೇಶ ಇದು.

ಹೇಳೋದು ಆಚಾರ, ತಿನ್ನೋದು ಬದನೇಕಾಯಿ. ಹೊತ್ತು ವಾಲಿತ್ತು. ಹೊಗೆಸೊಪ್ಪಿನ ಸಾಹುಕಾರರೊಬ್ಬರ ಸೈಕಲ್ಲನ್ನು ಮಾರನೆಯ ದಿನ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಸಲೂಷನ್ನು ಸಿಗುವುದೇ ದುರ್ಲಭವಾಗಿದ್ದ ಕಾಲ, ಕೈಯಲ್ಲಿದ್ದದ್ದು ಅರ್ಧ ಟ್ಯೂಬು. ಒಂದೇ ಕೋಟು ಹಚ್ಚಿ ತ್ಯಾಪೆ ಒತ್ತಿದೆ. ಉಳಿದದ್ದನ್ನು ಸಾಹುಕಾರರ ಸೈಕಲ್ಲಿಗೆಂದು ಜೇಬಿಗಿಳಿಸಿದೆ. "ನಾಳೆ ಸಂಜೆವರೆಗೂ ಗಾಳಿ ತುಂಬಬೇಡಿ ಮಾವ" ಎಂದು ಹೇಳಿ, ಹೆಂಡತಿಯನ್ನು ನಾಲ್ಕು ದಿನ ತವರಿನಲ್ಲಿರಲು ಬಿಟ್ಟು, ಸೈಕಲ್ ಹತ್ತಿದೆ.

ಮೂರನೆಯ ದಿನ ಮಾವನ ಊರಿಂದ ಆಳು ಬಂದ. ಹೊಳೆಯ ನಡುವೆ ದೊಡ್ಡ ತ್ಯಾಪೆ ಎದ್ದು ದೋಣಿ ಕುಸಿದಿತ್ತು. ದಾಟುತ್ತಿದ್ದ ಇಬ್ಬರಿಗೆ ಮಾವ ತಮ್ಮ ಬಿದಿರ ಗಳು ತಳ್ಳಿಕೊಟ್ಟಿದ್ದರು, ಅವರು ಅದನ್ನು ಹಿಡಿದು ದಡ ಸೇರಿದ್ದರು. ದೋಣಿಯ ಹಗ್ಗ ಮಾವನ ಕಾಲಿಗೆ ಸುತ್ತಿಕೊಂಡಿತ್ತು. ನಾನು ಹೋಗುವಷ್ಟರಲ್ಲಿ ಅವರನ್ನು ಜಗುಲಿಯ ಮೇಲೆ ಮಲಗಿಸಿದ್ದರು.

ಮಣ್ಣು ಮಾಡಿ ಬಂದ ಮೇಲೆ, ಬೇಲಿಯ ಮೇಲೆ ಹಾಕಿದ್ದ ದೋಣಿಯ ಹತ್ತಿರ ಹೋದೆ. ಘಮ್ಮೆಂದು ಹರಳೆಣ್ಣೆ ವಾಸನೆ. ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. ಅವರ ಮನೆಯಲ್ಲಿ ಒಂದು ಪದ್ಧತಿ. ರಿಪೇರಿಯಾದ ಹರಿಗೋಲು ನೀರಿಗಿಳಿಯುವ ಮುಂಚೆ ಮನೆಮಗಳು ಅದರ ಮೈಗೆಲ್ಲ ಹರಳೆಣ್ಣೆ ತಿಕ್ಕಬೇಕು, ಬಾಣಂತಿಗೆ ತಿಕ್ಕಿದ ಹಾಗೆ. ಚರ್ಮಕ್ಕೆ ಅದು ಒಳ್ಳೆಯದೇ. ಮಾವ ಹೊಲಕ್ಕೆ ಹೋಗಿದ್ದಾಗ ಇವಳು ರಬ್ಬರಿಗೂ ತಿಕ್ಕಿದ್ದಳು, ಅಪ್ಪನಿಗೆ ಒಳ್ಳೆಯದಾಗಲಿ ಎಂದು.

"ಎಣ್ಣೆ ಅಚ್ಚಿದ್ಕೇ ಬುಟ್ಕಂತಾ, ಹೇಳಿ?"

ನಾನು ತ್ಯಾಪೆ ತಿರುಗಿಸಿ ನೋಡುತ್ತಿದ್ದೆ. ಅಂಚಿನಲ್ಲಿ ಎಣ್ಣೆಯ ಜಿಡ್ಡು ಇತ್ತು, ನಿಜ. ಆದರೆ ಒಂದು ಬೆರಳಿನಗಲದಿಂದ ಒಳಕ್ಕೆ ಅದು ಹೋಗಿರಲಿಲ್ಲ. ನಡುವೆ ಎಲ್ಲ ಒಣಗಿ ನುಣ್ಣಗಿತ್ತು. ಸಲೂಷನ್ ಅಲ್ಲಿ ಕಚ್ಚಿಕೊಂಡೇ ಇರಲಿಲ್ಲ. ಒಂದೇ ಕೋಟಿನ ತ್ಯಾಪೆ ಬಿಡುವುದು ಹೀಗೆಯೇ. ಅಂಥದ್ದನ್ನು ನಾನು ಕಣ್ಣು ಮುಚ್ಚಿಕೊಂಡು ಮುಟ್ಟಿಯೇ ಹೇಳಬಲ್ಲೆ.

"ರಬ್ಬರಿಗೆ ಎಣ್ಣೆ ತಾಗಬಾರ್ದು ಕಣಮ್ಮಿ" ಅಂದೆ.

ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ಇಷ್ಟು ದಿನ ನಿಲ್ಲುತ್ತಿರಲಿಲ್ಲ. ಅವಳು ಅಲ್ಲೇ ಕುಕ್ಕರಿಸಿದಳು. ಅಳಲಿಲ್ಲ, ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ಅಂದಿನಿಂದ ಅವಳು ಯಾರ ತಲೆಗೂ ಎಣ್ಣೆ ಹಚ್ಚಲಿಲ್ಲ. ನಮ್ಮ ಮಗು ಹುಟ್ಟಿದಾಗ ಎಣ್ಣೆ ನೀರಿಗೆ ಪಕ್ಕದ ಮನೆಯವರನ್ನು ಕರೆದಳು. ನಾನು ಹಂಡೆಗೆ ಉರಿ ಹಾಕಿದೆ. ನಾಚಿಕೆಗೆಟ್ಟವನು ನಾನು.

ಈಗ ಅವಳೂ ಇಲ್ಲ. ಹೇಳಬೇಕಾದವಳಿಗೆ ಹೇಳದೆ ಕಾಗದಕ್ಕೆ ಹೇಳುತ್ತಿದ್ದೇನೆ. ಹೇಳಲು ಸಮಯವೇ ಸಿಗಲಿಲ್ಲ ಎನ್ನುವ ಹಾಗೂ ಇಲ್ಲ. ಒಂದು ಮಧ್ಯಾಹ್ನ ಕಂಪಲಾಪುರದ ಗಿರಾಕಿಯೊಬ್ಬ ಅಂಗಡಿಯಲ್ಲಿ ಕೂತು, "ನಿಮ್ಮ ತ್ಯಾಪೆ ಬುಟ್ಕಳಾಕಿಲ್ಲ ತಾನೆ?" ಅಂದ. ಅವನಿಗೆ ಕುಡಿಯಲು ನೀರು ತಂದಿದ್ದ ಅವಳೇ ಉತ್ತರ ಕೊಟ್ಟಳು.

"ಇವ್ರು ಆಕಿದ್ದು ಬುಟ್ಕಂಡಿದ್ದು ಒಂದೇ ಸಲ ಕಣಪ್ಪ. ಅದೂ ಇವ್ರ ತಪ್ಪಲ್ಲ, ಈ ಕೈ ಮಾಡಿದ್ದು. ನಮ್ಮಪ್ಪನ್ನ ನಾನೇ ತಿನ್ಕಂಡೆ."

ನನ್ನ ಕೈಯಲ್ಲಿ ಅವನ ಟ್ಯೂಬು ಇತ್ತು. ಮೊದಲ ಕೋಟು ಹಚ್ಚಿ ಒಣಗಲು ಕಾಯುತ್ತಿದ್ದೆ. ಹೇಳುವುದಕ್ಕೆ ಅಷ್ಟು ಹೊತ್ತು ಸಾಕಾಗಿತ್ತು. ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು. ನಾನು ಎರಡನೆಯ ಕೋಟು ಹಚ್ಚಿದೆ.