ಅಮಾತೆಪ್ಪ ಮಾಸ್ತರರು ಮೆತ್ತಗೆ ಮಾಡಿದ ನೆಲ

ಇಳಕಲ್ಲಿನ ಕಾಲೇಜೊಂದರ ಪಿ.ಟಿ. ಮಾಸ್ತರ ಅಮಾತೆಪ್ಪನವರ ಎಡಗಾಲು ನೆಟ್ಟಗಿರಲಿಲ್ಲ. ಹರೆಯದಲ್ಲಿ ಶಿರೂರಿನ ತಂಡಕ್ಕೆ ಕಬಡ್ಡಿ ಆಡುವಾಗ ಹರಳುಗಲ್ಲು ತುಂಬಿದ ಗರಸಿನ ನೆಲಕ್ಕೆ ಬಿದ್ದು ಮೊಣಕಾಲಿನ ಚಿಪ್ಪು ಒಡೆದುಕೊಂಡಿದ್ದರು. ಅಲ್ಲಿಗೆ ಆಟ ಮುಗಿಯಿತು. ಆಮೇಲೆ ನೌಕರಿ ಸಿಕ್ಕಿತು, ಮದುವೆಯಾಯಿತು, ಮಕ್ಕಳಾದವು. ಮನುಷ್ಯನ ತಲೆಯಲ್ಲಿ ಉಳಿದದ್ದು ಮಾತ್ರ ಆ ಮೊಣಕಾಲೊಂದೇ. ತಮ್ಮ ಕಾಲೇಜಿನ ಹುಡುಗರಿಗೆ ಈ ಗತಿ ಬರಬಾರದೆಂದು ಹಟ ಹಿಡಿದಿದ್ದರು.

ಹಟವೇನೋ ಸರಿ, ಮ್ಯಾಟ್ ಎಲ್ಲಿಂದ ತರುವುದು? ಕಾಲೇಜಿನ ಮೈದಾನವೋ, ಅಗೆದರೂ ಕಲ್ಲು, ಬಿಟ್ಟರೂ ಕಲ್ಲು. ಆಗ ಅವರ ಕಣ್ಣಿಗೆ ಬಿದ್ದದ್ದು ಊರ ಹೊರಗೆ ಗ್ರಾನೈಟ್ ಕಾರ್ಖಾನೆಯವರು ಸುರಿಯುವ ರಾಡಿ. ಕಲ್ಲು ಕೊಯ್ದು ಉಜ್ಜುವಾಗ ನೀರಿನ ಜೊತೆ ಹರಿದುಬರುವ ಅದು ಒಣಗಿದರೆ ಜೋಳದ ಹಿಟ್ಟಿನಷ್ಟು ನುಣುಪು. ಕೇಳಿದ್ದೇ ತಡ, ಕಾರ್ಖಾನೆಯವರು ಪೀಡೆ ತೊಲಗಿತೆಂದು ಟ್ರ್ಯಾಕ್ಟರ್ ತುಂಬಿಸಿ ಕಳಿಸಿದರು. ಮಾಸ್ತರರು ಅದನ್ನು ಒಣಗಿಸಿ ಕಬಡ್ಡಿ ಅಂಕಣಕ್ಕೆ ಹಾಸಿದರು. ವರ್ಷವರ್ಷವೂ ಹೊಸ ಪುಡಿ ಬಂತು. ಹುಡುಗರು ಹಾರಿದರು, ಬಿದ್ದರು, ಉರುಳಾಡಿದರು. ಮೈಮೇಲೆ ಒಂದು ಗೀರಿಲ್ಲ. ಬಾಗಲಕೋಟೆಯ ಕಾಲೇಜಿನವರು ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟರು. ಮಾಸ್ತರರು ಅಂದೆಲ್ಲ ಮೀಸೆ ತಿರುವುತ್ತಲೇ ಇದ್ದರು.

ಆ ನೆಲದಲ್ಲೇ ಬೆಳೆದವನು ರಾಜಕುಮಾರ, ನೇಕಾರರ ಬಾಳವ್ವನ ಮಗ. ಹೈಸ್ಕೂಲಿನಲ್ಲಿದ್ದಾಗಲೇ ಅವನ ದಮ್ಮು ನೋಡಿ ಮಾಸ್ತರರು ಆರಿಸಿ ತಂದಿದ್ದರು. ಎದುರಾಳಿಯ ಅಂಕಣಕ್ಕೆ ನುಗ್ಗಿದನೆಂದರೆ ‘ಕಬಡ್ಡಿ, ಕಬಡ್ಡಿ’ ಎನ್ನುವ ದನಿ ಒಂಚೂರೂ ನಡುಗುತ್ತಿರಲಿಲ್ಲ. ಈ ವರ್ಷ ವಿಶ್ವವಿದ್ಯಾಲಯದ ತಂಡಕ್ಕೆ ಅವನ ಆಯ್ಕೆ ಗ್ಯಾರಂಟಿ ಎಂದೇ ಎಲ್ಲರ ಲೆಕ್ಕ. ಆದರೆ ಹಂಗಾಮಿನ ಮೊದಲ ಪಂದ್ಯದಲ್ಲೇ, ಬಾದಾಮಿಯಲ್ಲಿ, ಅವನ ದನಿ ನಡುವೆ ಕಡಿದುಹೋಯಿತು. ನಡುವೆ ಉಸಿರು ಎಳೆದುಕೊಂಡರೆ ಔಟು. ಹುನಗುಂದದಲ್ಲೂ ಅದೇ ಕಥೆ.

“ಖರೆ ಹೇಳಲೇ, ಬೀಡಿ ಸೇದಾಕತ್ತಿಯೇನು?” ಮಾಸ್ತರರು ಕೊರಳಪಟ್ಟಿ ಹಿಡಿದರು.

“ನಮ್ಮವ್ವನ ಆಣಿರಿ ಸರ, ಮುಟ್ಟಿಲ್ರಿ.”

ಮಾಸ್ತರರು ನಂಬಲಿಲ್ಲ. ಹುಡುಗನ ದಮ್ಮು ತಿರುಗಿ ತರುತ್ತೇನೆಂದು ಕಚ್ಚೆ ಕಟ್ಟಿ ನಿಂತರು. ದಿನಾ ಮುಂಜಾನೆ ಆ ಮೆತ್ತನೆಯ ನೆಲದ ಮೇಲೆ, ಬಾಯಿ ತೆರೆದು ‘ಕಬಡ್ಡಿ’ ಎನ್ನುತ್ತ ಓಡುವ ಶಿಕ್ಷೆ. ಕಾಲಡಿಯ ಪುಡಿ ಎದೆಮಟ್ಟ ಏಳುತ್ತಿತ್ತು. ರಾಜಕುಮಾರ ಕೆಮ್ಮುತ್ತ ಓಡಿದ, ಬಡವಾದ, ಒಂದು ದಿನವೂ ತಪ್ಪಿಸಲಿಲ್ಲ. ಮಾಸ್ತರರಿಗೆ ಕೆಮ್ಮೂ ಬೀಡಿಯ ಸಾಕ್ಷಿಯಾಗಿಯೇ ಕೇಳಿಸಿತು.

ಬಾಗಲಕೋಟೆಯ ಫೈನಲ್‌ನಲ್ಲಿ ಅವನು ನಡುಗೆರೆ ದಾಟಿ ನಾಲ್ಕು ಹೆಜ್ಜೆ ಇಟ್ಟು, ಯಾರೂ ಮುಟ್ಟದೆಯೇ, ಕುಸಿದ.

ದವಾಖಾನೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಕೇಳಿದರು, “ಕಲ್ಲಿನ ಕಾರ್ಖಾನ್ಯಾಗ ಎಷ್ಟ ವರ್ಷ ದುಡದೀಯಪಾ?”

“ಒಂದಿನಾನೂ ಇಲ್ರಿ. ನಮ್ಮದು ನೇಕಾರಿಕಿ.”

“ಮತ್ತ ಎದಿ ತುಂಬ ಇಷ್ಟು ಕಲ್ಲಿನ ಪುಡಿ ಎಲ್ಲಿಂದ ಬಂತು? ಹೋದ ದಮ್ಮು ಇನ್ನ ತಿರುಗಿ ಬರೂದಿಲ್ಲ ತಮ್ಮಾ.”

ಮಂಚದ ಪಕ್ಕದಲ್ಲಿದ್ದ ಅಮಾತೆಪ್ಪನವರು ಬಗ್ಗಿ ಎಕ್ಸ್‌ರೇ ನೋಡಿದರು. ರಾಜಕುಮಾರನ ಮುಖದಲ್ಲಿ ಮಾತ್ರ ಎಷ್ಟೋ ತಿಂಗಳ ಮೇಲೆ ನಗು ಬಂದಿತ್ತು. ಏದುಸಿರಿನಲ್ಲೇ ಅವರ ಕೈ ಹಿಡಿದು ಹೇಳಿದ, “ನೋಡ್ರಿ ಸರ... ನಾ ಹೇಳಿದ್ನಲ್ರಿ... ಬೀಡಿ ಅಲ್ರಿ.”

ಮಾಸ್ತರರು ಹೊರಗೆ ಬೆಂಚಿನ ಮೇಲಿದ್ದ ಬಾಳವ್ವನ ಮುಂದೆ ಹೋಗಿ ನೆಲದ ಮೇಲೆ ಕೂತು, “ಆ ಪುಡಿ ಹಾಕಿದಾಂವ ನಾನರಿ, ಅಕ್ಕಾರ” ಎಂದರು. ಆಕೆ ಎದ್ದು ಮಗನ ಹತ್ತಿರ ಹೋದಳು.

ಈಗ ಅಂಕಣದ ಪುಡಿಯನ್ನೆಲ್ಲ ನೀರು ಚಿಮುಕಿಸಿ ಕೆರೆದು ತೆಗೆಸಿಯಾಗಿದೆ. ಹುಡುಗರು ಗರಸಿನ ಮೇಲೆಯೇ ಆಡುತ್ತಾರೆ, ದಿನಾ ಒಬ್ಬನಾದರೂ ಮೊಣಕಾಲು ಕೆತ್ತಿಕೊಂಡು ಬರುತ್ತಾನೆ. ಅಮಾತೆಪ್ಪನವರು ಅರಿಷಿಣ ಹಚ್ಚುತ್ತಾರೆ. ಆಮೇಲೆ ಆ ಹುಡುಗನ ಎದೆಗೆ ಕಿವಿಯಿಟ್ಟು, ಉಸಿರು ಜೋರಾಗಿ ಎಳೆದುಕೋ ಎನ್ನುತ್ತಾರೆ.